ಓದುಗರ ಪ್ರಶ್ನೆ: ಹಿತ್ತಲಿನ ದಾಸವಾಳವನ್ನು ಹತ್ತಿರದಿಂದ ಸೆರೆಹಿಡಿಯುವುದು ಹೇಗೆ?

ಪ್ರಶ್ನೆ: ನಾನು ದೃಶ್ಯಕಲಾ ಪದವಿಯ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಸೆಮಿಸ್ಟರಿನ ಪ್ರಾಜೆಕ್ಟಿಗೆ ಹೂವಿನ ಆರು ಕ್ಲೋಸಪ್ ಛಾಯಾಚಿತ್ರಗಳ ಸರಣಿಯನ್ನು ಕೊಡಬೇಕಾಗಿದೆ. ನನ್ನ ಬಳಿ ಇರುವುದು ಮೊಬೈಲ್ ಮಾತ್ರ. ಹಿತ್ತಲಿನ ಕೆಂಪು ದಾಸವಾಳವನ್ನು ಹತ್ತಿರದಿಂದ ತೆಗೆದರೆ ಚಿತ್ರ ಮಸುಕಾಗುತ್ತದೆ. ದೂರದಿಂದ ತೆಗೆದರೆ ಎಸಳುಗಳೆಲ್ಲ ಬಣ್ಣ ಬಳಿದಂತೆ ಒಂದೇ ಕೆಂಪಾಗಿ ಕಾಣುತ್ತವೆ. ಮೊದಲು ತೆಗೆದ ಚಿತ್ರಗಳನ್ನು ನೋಡಿದ ನಮ್ಮ ಮೇಷ್ಟ್ರು ‘ಕ್ಯಾಲೆಂಡರಿನ ಚಿತ್ರದಂತಿವೆ’ ಎಂದರು. ಏನು ಮಾಡಲಿ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಮಸುಕಾಗುವುದು ನಿಮ್ಮ ಕೈಯ ತಪ್ಪಲ್ಲ. ಪ್ರತಿಯೊಂದು ಲೆನ್ಸಿಗೂ ಒಂದು ಗಡಿಯಿರುತ್ತದೆ. ವಸ್ತು ಅದಕ್ಕಿಂತ ಹತ್ತಿರ ಬಂದರೆ ಫೋಕಸ್ ಕೂರುವುದಿಲ್ಲ. ಹೆಚ್ಚಿನ ಮೊಬೈಲುಗಳ ಮುಖ್ಯ ಕ್ಯಾಮೆರಾದಲ್ಲಿ ಈ ಗಡಿ 10 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಕೆಲವು ಹೊಸ ಮೊಬೈಲುಗಳು ಇನ್ನೂ ಹತ್ತಿರ ಹೋದೊಡನೆ ತಾವಾಗಿಯೇ ಅಗಲ ನೋಟದ ಲೆನ್ಸಿಗೆ ಬದಲಾಗುತ್ತವೆ. ಆಗ ಫೋಕಸ್ ಸಿಕ್ಕರೂ ಮೊಬೈಲಿನ ನೆರಳೇ ಹೂವಿನ ಮೇಲೆ ಬೀಳುತ್ತದೆ, ಅಂಚಿನ ಎಸಳುಗಳು ಎಳೆದಂತೆ ಕಾಣುತ್ತವೆ. ಆದ್ದರಿಂದ ಹೂವಿನಿಂದ ಒಂದು ಗೇಣು ಹಿಂದೆ ಸರಿಯಿರಿ, ಎರಡು ಪಟ್ಟು ಜೂಮ್ ಇಟ್ಟು ತೆಗೆಯಿರಿ, ಬೇಡದ ಭಾಗವನ್ನು ಆಮೇಲೆ ಕತ್ತರಿಸಿಕೊಳ್ಳಿ.

ಕೆಂಪಿನ ತೊಂದರೆಗೆ ಕಾರಣ ಬೇರೆ. ದಾಸವಾಳದಂಥ ಗಾಢ ಕೆಂಪು ಹೂವಿನಲ್ಲಿ ಕ್ಯಾಮೆರಾದ ಕೆಂಪು ಬಣ್ಣದ ಮಾಪನ ಉಳಿದೆರಡು ಬಣ್ಣಗಳಾದ ಹಸಿರು, ನೀಲಿಗಳಿಗಿಂತ ಎಷ್ಟೋ ಮೊದಲೇ ತುಂಬಿಬಿಡುತ್ತದೆ, ತುಂಬಿದ ಮೇಲೆ ಎಸಳಿನ ನರವೂ ಮಡಿಕೆಯೂ ಅದರಲ್ಲಿ ದಾಖಲಾಗುವುದಿಲ್ಲ. ಪರದೆಯ ಮೇಲೆ ಎಸಳನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ನರಗಳು ಕಾಣುವವರೆಗೆ ಕೆಳಗೆ ಎಳೆಯಿರಿ. ಚಿತ್ರ ತುಸು ಕತ್ತಲಾಗಿ ತೋರಿದರೂ ಚಿಂತೆಯಿಲ್ಲ. ಕತ್ತಲನ್ನು ಆಮೇಲೆ ಸ್ವಲ್ಪ ತಿಳಿಗೊಳಿಸಬಹುದು, ಕಳೆದುಹೋದ ನರಗಳನ್ನು ಮರಳಿ ತರಲಾಗದು.

ಇನ್ನು ಬೆಳಕು. ಹೂವನ್ನು ಒಳಗೆ ತಂದು, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಮೇಜಿನ ಮೇಲಿಡಿ. ಕಿಟಕಿಗೆ ಬಿಸಿಲು ಬರುವುದಾದರೆ ತೆಳ್ಳನೆಯ ಬಿಳಿ ಪಂಚೆಯನ್ನು ಅಡ್ಡ ಕಟ್ಟಿದರೆ ಸಾಕು. ನಿಮ್ಮೂರಿನಲ್ಲಿ ಮಳೆಗಾಲವಿಡೀ ಮೋಡ ಮುಚ್ಚಿರುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಕೋಣೆಯ ಟ್ಯೂಬ್‌ಲೈಟನ್ನು ಆರಿಸಿ, ಇಲ್ಲದಿದ್ದರೆ ಎರಡು ಬಗೆಯ ಬೆಳಕು ಬೆರೆತು ಎಸಳಿನ ಒಂದು ಮಗ್ಗುಲಿಗೆ ಬೇರೆಯೇ ಬಣ್ಣ ಬರುತ್ತದೆ. ಫ್ಯಾನನ್ನೂ ನಿಲ್ಲಿಸಿ. ಲೋಟದಲ್ಲಿ ಅಕ್ಕಿ ತುಂಬಿ ಅದರಲ್ಲಿ ತೊಟ್ಟನ್ನು ಊರಿದರೆ ಹೂವು ಬೇಕಾದ ಕೋನದಲ್ಲಿ ನಿಲ್ಲುತ್ತದೆ. ಕಿಟಕಿಯ ಎದುರು ಮಗ್ಗುಲಿನಲ್ಲಿ ನಿಮ್ಮ ಡ್ರಾಯಿಂಗ್ ಶೀಟನ್ನೇ ನಿಲ್ಲಿಸಿದರೆ ನೆರಳಿನ ಭಾಗಕ್ಕೂ ಬೆಳಕು ಹರಿಯುತ್ತದೆ. ಹಿನ್ನೆಲೆಗೆ ಕಪ್ಪು ಬ್ಲೌಸ್ ಪೀಸ್ ಒಂದನ್ನು ಹೂವಿನಿಂದ ಎರಡಡಿ ಹಿಂದೆ ತೂಗುಹಾಕಿ. ಹೂವಿಗೆ ತಾಗಿದಂತಿದ್ದರೆ ಬಟ್ಟೆಯ ನೇಯ್ಗೆಯೂ ಚಿತ್ರದಲ್ಲಿ ಬರುತ್ತದೆ.

ನಿಮ್ಮ ಮೇಷ್ಟ್ರ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಕ್ಯಾಲೆಂಡರಿನ ಹೂವು ಎದುರಿನಿಂದ, ಪೂರ್ತಿ ಅರಳಿ, ನಡುಮಧ್ಯದಲ್ಲಿ ಕುಳಿತಿರುತ್ತದೆ. ಅದರಲ್ಲಿ ನಾವು ಹೊಸದಾಗಿ ಕಾಣುವಂಥದ್ದೇನೂ ಇರುವುದಿಲ್ಲ. ಬರ್ಲಿನ್ನಿನ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ (1865–1932) ಗಿಡಗಳ ಆಕಾರವನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದೇ, ಮನೆಯಲ್ಲೇ ತಯಾರಿಸಿಕೊಂಡ ಕ್ಯಾಮೆರಾದಿಂದ, ಮೊಗ್ಗು, ಸುರುಳಿ, ಕಾಂಡಗಳನ್ನು ಕೆಲವೊಮ್ಮೆ 30 ಪಟ್ಟಿನವರೆಗೂ ಹಿಗ್ಗಿಸಿ ಚಿತ್ರಿಸಿದರು. ಹಿಂದೆ ಬರಿಯ ಕಾಗದ, ಮೇಲೆ ಹಗಲಿನ ಬೆಳಕು, ಅಷ್ಟೇ. ಅಮೆರಿಕದ ಇಮೋಜೆನ್ ಕನ್ನಿಂಗ್‌ಹ್ಯಾಮ್ 1920ರ ದಶಕದಲ್ಲಿ ಮೂವರು ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತ ಮನೆಯ ತೋಟದ ಗಿಡಗಳನ್ನೇ ವಸ್ತುವಾಗಿಸಿಕೊಂಡರು; 1925ರ ಅವರ ಮ್ಯಾಗ್ನೋಲಿಯಾ ಚಿತ್ರದಲ್ಲಿ ಚೌಕಟ್ಟಿನ ತುಂಬ ಹೂವಿನ ಒಡಲೇ ಇದೆ. ಇಬ್ಬರ ಚಿತ್ರಗಳನ್ನೂ ಹುಡುಕಿ ನೋಡಿ.

ಹೂವುಗಳನ್ನು ಬದಲಿಸದೆ ಒಂದೇ ದಾಸವಾಳದಲ್ಲಿ ಆರೂ ಚಿತ್ರಗಳನ್ನು ಮುಗಿಸಿ ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ಐದೆಸಳಿನ ಸಾಮಾನ್ಯ ಕೆಂಪು ದಾಸವಾಳಕ್ಕೆ ಒಂದೇ ದಿನದ ಆಯುಸ್ಸು. ಕಿತ್ತು ನೀರಿಲ್ಲದೆ ಇಟ್ಟರೂ ಅದು ಸಂಜೆಯವರೆಗೆ ಅರಳಿಯೇ ಇರುತ್ತದೆ. ಹಿಂದಿನ ಸಂಜೆ ಮೊಗ್ಗನ್ನು ಗಿಡದಲ್ಲೇ ನೋಡಿ: ಎಸಳುಗಳು ಒಂದರ ಮೇಲೊಂದು ಒಂದೇ ದಿಕ್ಕಿಗೆ, ಹಿಂಡಿದ ಒದ್ದೆ ಬಟ್ಟೆಯಂತೆ ಸುತ್ತಿಕೊಂಡಿರುತ್ತವೆ. ಬೆಳಿಗ್ಗೆ ಅರಳಿದ ಹೂವಿನ ನಡುವಿನಿಂದ ಚಾಚಿದ ಕೇಸರದ ಕಂಬವನ್ನು ಮಗ್ಗುಲಿನಿಂದ ನೋಡಿ: ಅದರ ಸುತ್ತ ಸಣ್ಣ ಎಳೆಗಳ ತುದಿಯಲ್ಲಿ ಹಳದಿ ಪರಾಗದ ಗುಂಡುಗಳಿವೆ, ಎಲ್ಲಕ್ಕಿಂತ ಮೇಲೆ ಮಖಮಲ್ಲಿನಂಥ ಐದು ಕೆಂಪು ಬೊಟ್ಟುಗಳಿವೆ. ದಿನವೂ ದೇವರಿಗೆ ಏರಿಸುವ ಹೂವಿನಲ್ಲಿ ಈ ಐದು ಬೊಟ್ಟುಗಳನ್ನು ಎಣಿಸಿದವರು ಕಡಿಮೆ. ಒಂದು ಎಸಳನ್ನು ಕಿಟಕಿಗೆ ಎದುರಾಗಿ ಹಿಡಿದರೆ ಬೆಳಕು ಅದರೊಳಗಿಂದ ಹಾಯ್ದು ನರಗಳ ಜಾಲ ಕಾಣಿಸುತ್ತದೆ. ಸಂಜೆ ಮುದುಡಿ ಸುರುಳಿಯಾದ ಹೂವು ಮತ್ತೆ ಮೊಗ್ಗನ್ನೇ ಹೋಲುತ್ತದೆ; ಸರಣಿಯ ಮೊದಲ ಮತ್ತು ಕೊನೆಯ ಚಿತ್ರಗಳನ್ನು ಒಂದೇ ಕೋನದಿಂದ ತೆಗೆದರೆ ನೋಡುವವರಿಗೆ ಆ ಹೋಲಿಕೆ ತಾನಾಗಿ ಹೊಳೆಯುತ್ತದೆ.

ಪ್ರಶ್ನೆ: ಇದೇ ರೀತಿಯ ಪ್ರಾಜೆಕ್ಟಿಗಾಗಿ ನನ್ನ ಮಗಳು ಮ್ಯಾಕ್ರೋ ಲೆನ್ಸ್ (ತೀರ ಹತ್ತಿರದ ವಸ್ತುವನ್ನು ದೊಡ್ಡದಾಗಿ ಸೆರೆಹಿಡಿಯುವ ಲೆನ್ಸ್) ಕೇಳುತ್ತಿದ್ದಾಳೆ. ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಮತ್ತು 50 ಎಂ.ಎಂ. ಲೆನ್ಸ್ ಇವೆ. ಕೊಳ್ಳಲೇಬೇಕೇ?
– ಓದುಗರು, ದಾವಣಗೆರೆ

ಉತ್ತರ: ಒಂದು ಪ್ರಾಜೆಕ್ಟಿಗಾಗಿ ಕೊಳ್ಳುವುದು ಬೇಡ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸುವ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಟೊಳ್ಳು ಬಳೆ ಸಿಗುತ್ತದೆ. ಅದರಲ್ಲಿ ಗಾಜಿರುವುದಿಲ್ಲ, ಆದ್ದರಿಂದ ಬೆಲೆಯೂ ಕಡಿಮೆ. ಅನಂತ ದೂರಕ್ಕೆ ಫೋಕಸ್ ಇಟ್ಟ 50 ಎಂ.ಎಂ. ಲೆನ್ಸಿನ ಹಿಂದೆ 25 ಎಂ.ಎಂ. ಟ್ಯೂಬ್ ಹಾಕಿದರೆ ಹೂವು ಕ್ಯಾಮೆರಾದೊಳಗೆ ಚಿತ್ರವನ್ನು ದಾಖಲಿಸುವ ಸೆನ್ಸರಿನ ಮೇಲೆ ತನ್ನ ಅರ್ಧ ಗಾತ್ರದಲ್ಲಿ ಮೂಡುತ್ತದೆ, 50 ಎಂ.ಎಂ. ಹಾಕಿದರೆ ಪೂರ್ಣ ಗಾತ್ರದಲ್ಲಿ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಬಿಂದುಗಳಿರುವ ಟ್ಯೂಬನ್ನೇ ಕೇಳಿ, ಅವಿಲ್ಲದಿದ್ದರೆ ಇಂದಿನ ಹೆಚ್ಚಿನ ಲೆನ್ಸುಗಳಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರದ ಗಾತ್ರವನ್ನು, ಕ್ಯಾಮೆರಾದಿಂದ ಬದಲಿಸಲಾಗದು. ಇನ್ನೂ ಸುಲಭದ ದಾರಿಯೆಂದರೆ ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಕ್ಲೋಸಪ್ ಫಿಲ್ಟರ್. +4 ಎಂದು ಬರೆದಿರುವುದನ್ನು ಹಾಕಿ ಲೆನ್ಸನ್ನು ಅನಂತಕ್ಕಿಟ್ಟರೆ 25 ಸೆಂ.ಮೀ. ದೂರದ ವಸ್ತು ಸ್ಪಷ್ಟವಾಗುತ್ತದೆ. ಆದರೆ ಅಗ್ಗದ ಫಿಲ್ಟರುಗಳಲ್ಲಿ ಅಂಚುಗಳು ಮಂಕಾಗುತ್ತವೆ, ನನ್ನ ಒಲವು ಟ್ಯೂಬಿನ ಕಡೆಗೇ.

ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರುಗಳಷ್ಟಿರುತ್ತದೆ. ಅಪರ್ಚರನ್ನು ಎಫ್/8 ಅಥವಾ ಎಫ್/11ಕ್ಕೆ ಇಟ್ಟು, ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100ಕ್ಕೆ ಇಟ್ಟು, ಟ್ರೈಪಾಡಿನ ಮೇಲೆ ಎರಡು ಸೆಕೆಂಡಿನ ಟೈಮರಿನಿಂದ ತೆಗೆಯಲು ಹೇಳಿ. ಆಳ ಹೆಚ್ಚಲೆಂದು ಎಫ್/22ರವರೆಗೆ ಹೋದರೆ ಆ ಕಿರಿದಾದ ರಂಧ್ರದಲ್ಲಿ ಬೆಳಕು ಚೆದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಪ್ರಶ್ನೆ: ಎಸಳಿನ ಮೇಲೆ ಇಬ್ಬನಿಯಂತೆ ಹನಿ ನಿಲ್ಲಿಸಲು ಗ್ಲಿಸರಿನ್ ಬಳಸಬಹುದೇ?
– ವಿದ್ಯಾರ್ಥಿ, ಮೈಸೂರು

ಉತ್ತರ: ಬಳಸಬಹುದು. ಸಮಪಾಲು ನೀರು ಬೆರೆಸಿ ಇಂಕ್ ಫಿಲ್ಲರಿನಿಂದ ಒಂದೊಂದೇ ಹನಿ ಇಟ್ಟರೆ ಅದು ಬೇಗ ಆರುವುದೂ ಇಲ್ಲ, ಜಾರುವುದೂ ಇಲ್ಲ. ಪ್ರಾಜೆಕ್ಟಿನ ಟಿಪ್ಪಣಿಯಲ್ಲಿ ಮಾತ್ರ ಅದು ಗ್ಲಿಸರಿನ್ ಎಂದೇ ಬರೆಯಿರಿ. ನಿಜವಾದ ಇಬ್ಬನಿ ಬೇಕೆಂದರೆ ಚಳಿಗಾಲದಲ್ಲಿ ಬೆಳಿಗ್ಗೆ ಆರೂವರೆಗೆ ಅಂಗಳಕ್ಕೆ ಇಳಿಯಿರಿ. ಅಂಗಳದಲ್ಲಿ ಪಾರಿಜಾತವಿದ್ದರೆ ಆ ಹೊತ್ತಿಗೆ ಹೂವುಗಳು ಕಿತ್ತಳೆ ಬಣ್ಣದ ತೊಟ್ಟು ಮೇಲಾಗಿ ನೆಲದ ತುಂಬ ಬಿದ್ದಿರುತ್ತವೆ, ಒಂದನ್ನೂ ಕೀಳಬೇಕಾಗುವುದಿಲ್ಲ.