ಕಬ್ಬಕ್ಕಿಗಳು ಕಂತು ಕಂತಾಗಿ ಹಾರುತ್ತವಾ?

ಪ್ರಶ್ನೆ: ಆಲಮಟ್ಟಿ ಹಿನ್ನೀರಿನ ಜೊಂಡಿನಲ್ಲಿ ರಾತ್ರಿ ಕಳೆಯುವ ಕಬ್ಬಕ್ಕಿಗಳು ಬೆಳಿಗ್ಗೆ ಒಟ್ಟಿಗೆ ಹಾರುವುದಿಲ್ಲ. ಒಂದು ಗುಂಪು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಇದು ಸಹಜವೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ! ಇವುಗಳ ನೆಂಟ, ಯುರೋಪಿನ ಸ್ಟಾರ್ಲಿಂಗ್ ಕೂಡ ಹೀಗೇ. ಇಂಗ್ಲೆಂಡಿನ ರಾಡಾರ್ ಪರದೆಗಳಲ್ಲಿ ಬೆಳಗಿನ ಜಾವ ಒಂದರ ಹಿಂದೆ ಒಂದು ಉಂಗುರ ಮೂಡಿ, ಕೆರೆಗೆ ಕಲ್ಲು ಬಿದ್ದಾಗ ಏಳುವ ಅಲೆಯ ಹಾಗೆ ಅಗಲವಾಗುತ್ತಾ ಹೋಗುವುದು ಕಾಣಿಸಿತ್ತು. ಅವೆಲ್ಲ ಕೆಲವು ನಿಮಿಷಗಳ ಅಂತರದಲ್ಲಿ ಸುತ್ತಲೂ ಹೊರಟ ಸ್ಟಾರ್ಲಿಂಗ್ ಗುಂಪುಗಳು.

ಸಂಜೆಯ ಸುತ್ತಾಟ, ಸುಳಿದಾಟ ಬೆಳಿಗ್ಗೆ ಇರಲ್ಲ, ನೇರ ಮೇವಿಗೆ ಹೊರಡುತ್ತವೆ. ಅದಕ್ಕೇ ಕಿವಿಗೊಟ್ಟು ನಿಲ್ಲಿ. ಜೊಂಡಿನೊಳಗಿನ ಗಲಾಟೆ ಏರುತ್ತಾ ಹೋಗಿ ಗಕ್ಕನೆ ನಿಂತರೆ, ಮರುಕ್ಷಣವೇ ಭರ್ರೆಂದು ರೆಕ್ಕೆ ಸದ್ದು.

ಕಪ್ಪು ತಲೆ, ನಸುಗೆಂಪು ಮೈಯ ಈ ಹಕ್ಕಿಗಳು ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುತ್ತವೆ. ಬಿಳಿಜೋಳದ ತೆನೆಗೆ ಮುತ್ತುತ್ತವೆ ಅಂತ ರೈತರಿಗೆ ಸಿಟ್ಟು, ಆ ಸಿಟ್ಟು ನ್ಯಾಯವಾದದ್ದೇ. ಆದರೆ ಮಿಡತೆಗಳನ್ನೂ ಇವು ಸಿಕ್ಕಾಪಟ್ಟೆ ತಿನ್ನುತ್ತವೆ ಅಲ್ವಾ?

ಸೂರ್ಯ ಹುಟ್ಟುವ ಮೊದಲೇ ಹೋಗಿ, ದೂರದಲ್ಲೇ ನಿಂತು ನೋಡಿ. ಸುಮ್ನೆ ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ.