ಡಾಕ್ಟರ್ ಓದಿನ ಜೊತೆಗೇ ಸಾರ್ವಜನಿಕ ಆರೋಗ್ಯದ ಡಿಗ್ರಿಯನ್ನೂ ಮಾಡಬಹುದೇ?

ಅಮೆರಿಕದಲ್ಲಿ ಮಾಡಬಹುದು. ಅಲ್ಲಿ ಎಂಡಿ-ಎಂಪಿಎಚ್ ಎಂಬ ಜೋಡಿ ಕೋರ್ಸ್ ಇದೆ. ಎಂಪಿಎಚ್ ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಡಿಗ್ರಿ. ಅಲ್ಲಿನ ಎಂಡಿ ಅಂದರೆ ನಮ್ಮ ಎಂಬಿಬಿಎಸ್ ಇದ್ದ ಹಾಗೆ. ಅದರ 4 ವರ್ಷಕ್ಕೆ ಸಾಮಾನ್ಯವಾಗಿ ಇನ್ನೊಂದು ವರ್ಷ ಸೇರುತ್ತದೆ, ಅಷ್ಟೇ.

ನಮ್ಮಲ್ಲಿ ಮಾಮೂಲಿ ದಾರಿ ಬೇರೆ. ಮೊದಲು ಎಂಬಿಬಿಎಸ್, ಇಂಟರ್ನ್‌ಶಿಪ್ ಮುಗಿಸಬೇಕು. ಆಮೇಲೆ ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು 3 ವರ್ಷದ ಎಂಡಿ ಕಮ್ಯುನಿಟಿ ಮೆಡಿಸಿನ್ (ಸಾರ್ವಜನಿಕ ಆರೋಗ್ಯದ ವೈದ್ಯಕೀಯ ಸ್ನಾತಕೋತ್ತರ ಓದು) ಮಾಡಬಹುದು. ಇಲ್ಲವೇ 2 ವರ್ಷದ ಎಂಪಿಎಚ್. ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂಡಿಯೇ ಸರಿ. ಎಂಪಿಎಚ್ ಡಾಕ್ಟರಲ್ಲದವರಿಗೂ ಸಿಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕೋರ್ಸಿಗೆ ಒಳ್ಳೆ ಹೆಸರಿದೆ.

ಎರಡೂ ಯಾಕೆ ಬೇಕು ಅಂತೀರಾ? ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ವಾರ್ಡಿನ ಡಾಕ್ಟರಿಗೆ ಕಾಣುವುದು ಜ್ವರ, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ. ಮಂಗ ಎಲ್ಲಿ ಸತ್ತಿದೆ, ರೋಗ ಹರಡುವ ಉಣುಗು ಯಾವ ತಿಂಗಳಲ್ಲಿ ಜಾಸ್ತಿ, ದರಗು ಗುಡಿಸಲು ಕಾಡಿಗೆ ಹೋಗುವವರು ಯಾರು? ಇದನ್ನೆಲ್ಲ ಹುಡುಕಿ ಮುಂದಿನ ಜ್ವರ ತಡೆಯುವುದು ಸಾರ್ವಜನಿಕ ಆರೋಗ್ಯದ ಕೆಲಸ. ಎರಡನ್ನೂ ಬಲ್ಲವರು ನಮಗೆ ತುಂಬಾ ಬೇಕು.

ಫೀಸು ಕಟ್ಟುವ ಮೊದಲು ಹಳ್ಳಿಯ ಆರೋಗ್ಯ ಕೇಂದ್ರವೊಂದರಲ್ಲಿ ಕೆಲವು ತಿಂಗಳು ಕೆಲಸ ಮಾಡಿ. ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆ ಸುತ್ತಿ.