ತೂಕದ ಯಂತ್ರ ಸಾಲದು, ಒಂದು ನೋಟ್‌ಬುಕ್ ಇಡಿ

ಎರಡು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ, ತೂಕ 78ರಲ್ಲೇ ನಿಂತಿದೆ, ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳಿದ್ದೀರಿ. ಆ್ಯಪ್ ಆಮೇಲೆ ನೋಡೋಣ. ಶುರುವಿನಲ್ಲಿ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವ ವ್ಯಾಯಾಮ) ಎಷ್ಟು ಕೆ.ಜಿ. ಹಾಕುತ್ತಿದ್ದಿರಿ, ಈಗ ಎಷ್ಟು? ಸೊಂಟದ ಅಳತೆ ಆಗೆಷ್ಟಿತ್ತು? ಇದು ಗೊತ್ತಿಲ್ಲದೆ ಏನೂ ಬದಲಾಗಿಲ್ಲ ಅಂತ ಹೇಳುವುದು ಕಷ್ಟ, ಅಲ್ವಾ?

ತೂಕದ ಯಂತ್ರ ಕೊಬ್ಬು, ಸ್ನಾಯು, ನೀರು, ನಿನ್ನೆಯ ಊಟ ಎಲ್ಲವನ್ನೂ ಒಟ್ಟಿಗೆ ತೂಗುತ್ತದೆ. ದೇಹ ಒಂದು ಗ್ರಾಂ ಗ್ಲೈಕೋಜನ್ (ಅನ್ನ, ಸಿಹಿಯಿಂದ ಬಂದ ಸಕ್ಕರೆಯ ದಾಸ್ತಾನು) ಕೂಡಿಟ್ಟರೆ ಜೊತೆಗೆ ಸುಮಾರು 3 ಗ್ರಾಂ ನೀರನ್ನೂ ಹಿಡಿದುಕೊಳ್ಳುತ್ತದೆ. ಮದುವೆ ಊಟದ ಮರುದಿನ ಒಂದು ಕೆ.ಜಿ. ಏರಿದರೆ ಅದರಲ್ಲಿ ಹೆಚ್ಚಿನದು ನೀರೇ. ಕ್ರಿಯಾಟಿನ್ (ಜಿಮ್‌ನವರು ಶಕ್ತಿಗಾಗಿ ತೆಗೆದುಕೊಳ್ಳುವ ಪುಡಿ) ಶುರು ಮಾಡಿದವರಿಗೂ ಹೀಗಾಗುತ್ತದೆ. ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಗಿ. ಒಂದು ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಒಂದೊಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಹೆಂಗಸರಿಗೆ ಒಂದು ಮಾತು: ಮುಟ್ಟಿನ ಆಸುಪಾಸಿನಲ್ಲಿ ನೀರು ನಿಲ್ಲುವುದರಿಂದ, ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿ.

ಸೊಂಟಕ್ಕೆ ಟೈಲರ್ ಟೇಪ್ ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಉಸಿರು ಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆಳೆದರೆ ಲೆಕ್ಕಕ್ಕಿಲ್ಲ! ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಗಡಿ ಅನ್ನುತ್ತಾರೆ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ.

ಇನ್ನು ನೋಟ್‌ಬುಕ್. ನನ್ನ ಮಟ್ಟಿಗೆ ಇದೇ ಮುಖ್ಯ. ವ್ಯಾಯಾಮ, ಎತ್ತಿದ ತೂಕ, ರೆಪ್ಸ್ (ಎಷ್ಟು ಸಲ ಎತ್ತಿದಿರಿ), ಜೊತೆಗೆ ಇನ್ನೆಷ್ಟು ರೆಪ್ಸ್ ಮಾಡುವ ಶಕ್ತಿ ಉಳಿದಿತ್ತು ಅನ್ನುವುದನ್ನು ಸೆಟ್ (ನಿಲ್ಲಿಸದೆ ಮಾಡಿದ ಒಂದು ಸುತ್ತು) ಮುಗಿದ ತಕ್ಷಣ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಮರೆತೇ ಹೋಗುತ್ತದೆ. 40 ಕೆ.ಜಿ. 8 ಸಲ ಎತ್ತಿದವರು ಮುಂದೆ ಅದನ್ನೇ 10 ಸಲ ಎತ್ತಿದರೆ ಅದೂ ಪ್ರಗತಿಯೇ. ರೆಪ್ಸ್ ಬೇರೆ ಬೇರೆ ಇದ್ದಾಗ ಹೋಲಿಸಲು, ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲಿರಿ ಅಂತ ಅಂದಾಜಿಸುವ ಎಪ್ಲಿ ಸೂತ್ರ ಹಾಕಿ: ರೆಪ್ಸನ್ನು 30ರಿಂದ ಭಾಗಿಸಿ, 1 ಕೂಡಿಸಿ, ತೂಕದಿಂದ ಗುಣಿಸಿ. 40 ಕೆ.ಜಿ. 10 ಸಲ ಅಂದರೆ ಒಂದೇ ಸಲಕ್ಕೆ ಸುಮಾರು 53 ಕೆ.ಜಿ. ಎತ್ತುವ ಶಕ್ತಿ. 50 ಕೆ.ಜಿ. 5 ಸಲ ಅಂದರೆ ಸುಮಾರು 58. ಇದು ಅಂದಾಜು ಅಷ್ಟೇ. ರೆಪ್ಸ್ 10 ದಾಟಿದರೆ ಇನ್ನೂ ಸಡಿಲ.

ಬಾರ್ (ತೂಕದ ಬಿಲ್ಲೆಗಳನ್ನು ಹಾಕುವ ಸರಳು) ತೂಕ ಸೇರಿಸಲು ಮರೆಯಬೇಡಿ. ಒಲಿಂಪಿಕ್ ಬಾರ್ 20 ಕೆ.ಜಿ., ಆದರೆ ಸಣ್ಣ ಜಿಮ್‌ಗಳಲ್ಲಿ ಎಷ್ಟೋ ಸಲ ಅದಕ್ಕಿಂತ ಹಗುರ ಇರುತ್ತದೆ. ಕೇಳಿ, ಇಲ್ಲವೇ ತೂಗಿಯೇ ನೋಡಿ. ಕೇಬಲ್ ಮೆಷಿನ್ ಅಂಕಿಯನ್ನು ಬೇರೆ ಜಿಮ್‌ನದಕ್ಕೆ ಹೋಲಿಸಬೇಡಿ, ಪುಲ್ಲಿ ಬದಲಾದರೆ ಭಾರವೂ ಬದಲಾಗುತ್ತದೆ.

ವಾಚ್ ತೋರಿಸುವ ಕ್ಯಾಲೊರಿ ನಂಬಿ ಜಾಸ್ತಿ ತಿನ್ನಬೇಡಿ. ಕೊಬ್ಬಿನ ಶೇಕಡಾ ಹೇಳುವ ಯಂತ್ರವೂ ನೀರು ಕುಡಿದರೆ ಮಾತು ಬದಲಿಸುತ್ತದೆ.

ಮೂರು ವಾರ ಯಾವ ಅಂಕಿಯೂ ಕದಲದಿದ್ದರೆ ಆ ಪುಟದ ಫೋಟೊ ಇಲ್ಲಿ ಹಾಕಿ. ನಿದ್ದೆ ಎಷ್ಟು, ದಿನಕ್ಕೆ ಮೊಟ್ಟೆ, ಬೇಳೆ, ಮೊಸರು ಎಷ್ಟು ಅನ್ನುವುದನ್ನೂ ಬರೆಯಿರಿ, ನೋಡಿ ಹೇಳುತ್ತೇನೆ.